ಹಂದಿಗೋಡು ಕಾಯಿಲೆ: ಅಳತೆ ಮೊದಲು, ಟೆಂಡರ್ ಆಮೇಲೆ

ಇವರಿಗೆ:
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ

ಪ್ರತಿಗಳು: ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಬೆಂಗಳೂರು, ಜಿಲ್ಲಾ ಆರೋಗ್ಯ ಅಧಿಕಾರಿಗಳು, ಶಿವಮೊಗ್ಗ ಮತ್ತು ಚಿಕ್ಕಮಗಳೂರು

ವಿಷಯ: ಹಂದಿಗೋಡು ಕಾಯಿಲೆ ಇರುವವರ ಸೊಂಟದ ಕೀಲು ಬದಲಾವಣೆಗೆ ಪ್ರತ್ಯೇಕ ವ್ಯವಸ್ಥೆ ಮಾಡುವ ಬಗ್ಗೆ

ಮಾನ್ಯರೇ,

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಈ ಕಾಯಿಲೆ ವೈದ್ಯರ ಗಮನಕ್ಕೆ ಬಂದದ್ದು 1974–75ರ ಸುಮಾರಿಗೆ. ಆಗ ಅನುಮಾನ ಹೋದದ್ದು ಭತ್ತದ ಗದ್ದೆಗೆ ಹೊಡೆಯುತ್ತಿದ್ದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ, ಮೀನು ತಿಂದದ್ದರ ಮೇಲೆ. ಆಮೇಲೆ, 1990ರ ದಶಕದಲ್ಲಿ, ಮನೆತನಗಳ ವಂಶಾವಳಿ ಬರೆದು ಎಕ್ಸ್‌ರೇ ತೆಗೆದು ನಡೆಸಿದ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದವು. ವೈದ್ಯರು ಅದನ್ನು ಸ್ಪಾಂಡಿಲೋಎಪಿಮೆಟಾಫೈಸಿಯಲ್ ಡಿಸ್‌ಪ್ಲೇಸಿಯಾ ಎಂಬ ಗುಂಪಿಗೆ ಸೇರಿಸುತ್ತಾರೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪರಿಶಿಷ್ಟ ಸಮುದಾಯಗಳ ಕೃಷಿ ಕೂಲಿ ಕುಟುಂಬಗಳಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಂಡಿದೆ. ಕೆಲವರಿಗೆ ಎತ್ತರ ಸಾಮಾನ್ಯವಾಗಿದ್ದು ಸೊಂಟದ ಕೀಲು ಮಾತ್ರ ಕೆಡುತ್ತದೆ. ಕೆಲವರಿಗೆ ಬೆನ್ನುಮೂಳೆಯೂ ಚಪ್ಪಟೆಯಾಗಿ ಮೈ ಗಿಡ್ಡವಾಗುತ್ತದೆ. ಇನ್ನು ಕೆಲವರು ತೀರಾ ಕುಳ್ಳರಾಗಿ, ಕೈಕಾಲು ಸೊಟ್ಟಗಾಗಿ ಬೆಳೆಯುತ್ತಾರೆ.

ಮೂಲ ದೋಷಕ್ಕೆ ಮದ್ದಿಲ್ಲ ಎಂಬುದು ನಿಜ. ಆದರೆ ಸವೆದುಹೋದ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಇದೆ, ಅದು ನೋವನ್ನು ನಿಲ್ಲಿಸುತ್ತದೆ. ಇವೆರಡನ್ನೂ ಒಂದೇ ಮಾಡಿ “ಹಂದಿಗೋಡು ಕಾಯಿಲೆಗೆ ಏನೂ ಮಾಡಲಾಗದು” ಎಂದು ಕೈಚೆಲ್ಲುವುದು ತಪ್ಪು. ಅಷ್ಟೇ ತಪ್ಪು, “ಕಾರ್ಡ್ ಇದೆ, ಯಾವ ಆಸ್ಪತ್ರೆಗಾದರೂ ಹೋಗಿ ಕೀಲು ಹಾಕಿಸಿಕೊಳ್ಳಲಿ” ಎನ್ನುವುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಮೊದಲ ಶಸ್ತ್ರಚಿಕಿತ್ಸೆಗೆ ನಮ್ಮ ತಕರಾರು ಹಣದ ಬಗ್ಗೆ ಅಲ್ಲ, ಅಳತೆಯ ಬಗ್ಗೆ. ಕೀಲು ಬದಲಾವಣೆಯ ಪ್ಯಾಕೇಜನ್ನು ಅರವತ್ತು ದಾಟಿ ಕೀಲು ಸವೆದವರನ್ನೋ, ಬಚ್ಚಲಲ್ಲಿ ಜಾರಿಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡವರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಹಂದಿಗೋಡಿನ ಸೊಂಟ ಆ ಸೊಂಟವಲ್ಲ.

ವ್ಯತ್ಯಾಸ ಎಲ್ಲಿದೆ ಎಂದು ಹೇಳುತ್ತೇವೆ. ಸಾಮಾನ್ಯ ಸೊಂಟದಲ್ಲಿ ಸೊಂಟಮೂಳೆಯ ಬಟ್ಟಲು ಆಳವಾಗಿರುತ್ತದೆ, ತೊಡೆಮೂಳೆಯ ಗುಂಡು ಅದರೊಳಗೆ ಸರಿಯಾಗಿ ಕೂರುತ್ತದೆ. ಈ ಗುಂಪಿನ ಡಿಸ್‌ಪ್ಲೇಸಿಯಾಗಳಲ್ಲಿ ಬಟ್ಟಲು ಆಳವಿಲ್ಲದೆ ಇಳಿಜಾರಾಗಿರುತ್ತದೆ, ಗುಂಡು ಚಪ್ಪಟೆಯಾಗಿರುತ್ತದೆ, ಮೇಲುಗಡೆಯ ಸೂರು ಗುಂಡನ್ನು ಪೂರ್ತಿ ಮುಚ್ಚುವುದಿಲ್ಲ. ಮೈಭಾರವೆಲ್ಲ ಮೃದ್ವಸ್ಥಿಯ ಸಣ್ಣ ಅಂಚಿನ ಮೇಲೆ ಬಿದ್ದು ಚಿಕ್ಕ ವಯಸ್ಸಿಗೇ ಅದು ಸವೆಯುತ್ತದೆ. ತೊಡೆಮೂಳೆಯ ಒಳಗಿನ ಕಾಲುವೆ ಕಿರಿದು, ಹಲವೊಮ್ಮೆ ಬಾಗಿರುತ್ತದೆ. ಕತ್ತು ಇರಬೇಕಾದದ್ದಕ್ಕಿಂತ ಮುಂದಕ್ಕೆ ತಿರುಗಿರುತ್ತದೆ. ವರ್ಷಗಟ್ಟಲೆ ಕೀಲು ಮಡಚಿಯೇ ಇದ್ದದ್ದರಿಂದ ಸುತ್ತಲ ಸ್ನಾಯುಗಳು ಗಿಡ್ಡವಾಗಿ ಬಿಗಿದಿರುತ್ತವೆ. ಸಾಮಾನ್ಯವಾಗಿ ಎರಡೂ ಕಡೆ ಹೀಗೆ.

ಈಗ ಇಂಪ್ಲಾಂಟ್, ಅಂದರೆ ಮೈಯೊಳಗೆ ಕೂರಿಸುವ ಕೃತಕ ಕೀಲಿನ ಲೆಕ್ಕಕ್ಕೆ ಬರೋಣ. ಆಸ್ಪತ್ರೆಯ ಕಪಾಟಿನಲ್ಲಿ ಸಾಮಾನ್ಯವಾಗಿ ಸಿಗುವ ಕಪ್‌ಗಳು (ಸೊಂಟಮೂಳೆಯ ಬಟ್ಟಲಿನಲ್ಲಿ ಕೂರಿಸುವ ಕೃತಕ ಬಟ್ಟಲು) 44 ಮಿ.ಮೀ.ನಿಂದ ಮೇಲಿನವು. ಇವರಲ್ಲಿ ಅನೇಕರಿಗೆ ಬೇಕಾಗುವುದು 38, 40 ಅಥವಾ 42. ಚಿಕ್ಕ ಬಟ್ಟಲಿಗೆ 44ರ ಕಪ್ ಕೂರಿಸಬೇಕೆಂದರೆ ಮುಂದಿನ ಅಥವಾ ಹಿಂದಿನ ಗೋಡೆಯನ್ನು ಕೊರೆದು ತೆಳು ಮಾಡಬೇಕಾಗುತ್ತದೆ. ಅಲ್ಲಿ ಹೋದ ಮೂಳೆ ಮತ್ತೆ ಬರುವುದಿಲ್ಲ, ಮುಂದಿನ ಸಲ ಕೀಲು ಬದಲಿಸುವವರಿಗೆ ಕಪ್ ಹಿಡಿಸಲು ಜಾಗವೇ ಉಳಿದಿರುವುದಿಲ್ಲ. ಚಿಕ್ಕ ಕಪ್ ಸಿಕ್ಕರೂ ಒಳಗಿನ ಗುಂಡಿನ ಲೆಕ್ಕ ಬೇರೆ. 40 ಮಿ.ಮೀ. ಲೋಹದ ಕಪ್‌ನಲ್ಲಿ ಗೋಡೆಯ ದಪ್ಪ ಕಳೆದರೆ ಒಳಗೆ ಉಳಿಯುವುದು ಸುಮಾರು 33 ಮಿ.ಮೀ. ಅದರೊಳಗೆ 28ರ ಗುಂಡು ಇಟ್ಟರೆ ನಡುವಿನ ಪಾಲಿಎಥಿಲೀನ್ ಲೈನರ್ (ಪ್ಲಾಸ್ಟಿಕ್ ಒಳಪದರ) ಬರೀ ಎರಡೂವರೆ ಮಿ.ಮೀ. ದಪ್ಪ, ಅದು ಬಿರುಕು ಬಿಡುತ್ತದೆ. 22ರ ಗುಂಡು ಇಟ್ಟರೆ ಲೈನರ್ ಐದೂವರೆ ಮಿ.ಮೀ. ಸಿಗುತ್ತದೆ, ಆದರೆ ಗುಂಡು ಚಿಕ್ಕದಾದಷ್ಟೂ ಕೀಲು ತಪ್ಪುವ ಅಪಾಯ ಹೆಚ್ಚು. ಈ ಎರಡರ ನಡುವೆ ತೂಗಿ ನೋಡುವುದು ಶಸ್ತ್ರಚಿಕಿತ್ಸಕರ ಕೆಲಸ. ಆದರೆ 22ರ ಗುಂಡೂ ಅದರ ಲೈನರೂ ಮೇಜಿನ ಮೇಲೆ ಇಲ್ಲದಿದ್ದರೆ ತೂಗಿ ನೋಡಲು ಏನಿದೆ? ಟೆಂಡರಿನಲ್ಲಿ “ಎಲ್ಲ ಅಳತೆಗಳು” ಎಂದು ಬರೆದರೆ ಸಾಲದು. ಕಪ್ 38ರಿಂದ, ಗುಂಡು 22ರಿಂದ, ಸಿಮೆಂಟ್ ಹಾಕಿ ಕೂರಿಸುವ ಪೂರ್ತಿ ಪಾಲಿಎಥಿಲೀನ್ ಕಪ್ ಕೂಡ ಚಿಕ್ಕ ಅಳತೆಯಲ್ಲಿ ಎಂದು ಅಂಕಿಯಲ್ಲೇ ನಮೂದಿಸಿ.

ಸ್ಟೆಮ್, ಅಂದರೆ ತೊಡೆಮೂಳೆಯ ಕಾಲುವೆಯೊಳಗೆ ಇಳಿಸುವ ಲೋಹದ ಕಡ್ಡಿಯ ಕಡೆಯ ತೊಂದರೆ ಇನ್ನೂ ಹೆಚ್ಚು. ಸಾಮಾನ್ಯ ಸ್ಟೆಮ್‌ನ ಅತಿ ಚಿಕ್ಕ ಅಳತೆಯೂ ಕಿರಿದಾದ ಕಾಲುವೆಗೆ ಹೋಗದೆ, ಸುತ್ತಿಗೆಯಲ್ಲಿ ಬಡಿದಾಗ ತೊಡೆಮೂಳೆ ಸೀಳುತ್ತದೆ. ಸೀಳಿದರೆ ಸುತ್ತಿ ಬಿಗಿಯಲು ತಂತಿ ಅಥವಾ ಕೇಬಲ್ ಅಲ್ಲೇ ಬೇಕು, ಇನ್ನೊಂದು ಊರಿಂದ ತರಿಸುವುದಲ್ಲ. ಬೇಕಾಗುವುದು ಎರಡು ಬಗೆಯವು: ಕತ್ತಿನ ತಿರುವನ್ನು ಸ್ವತಂತ್ರವಾಗಿ ಹೊಂದಿಸಬಹುದಾದ ಶಂಕುವಿನಾಕಾರದ ಅಥವಾ ಮಾಡ್ಯುಲರ್ (ಬಿಡಿ ಭಾಗ ಜೋಡಿಸುವ) ಸ್ಟೆಮ್, ಇಲ್ಲವೇ ಡಿಸ್‌ಪ್ಲೇಸಿಯಾಕ್ಕೆಂದೇ ಮಾಡಿದ ಸಿಮೆಂಟ್ ಹಾಕುವ ಸಣ್ಣ ನೇರ ಸ್ಟೆಮ್. ಸೂರು ಕಡಿಮೆ ಇರುವಲ್ಲಿ ಕತ್ತರಿಸಿ ತೆಗೆದ ತೊಡೆಮೂಳೆಯ ಗುಂಡನ್ನೇ ಎರಡು ಸ್ಕ್ರೂ ಹಾಕಿ ಕಸಿ ಮಾಡಬಹುದು. ದುಬಾರಿ ಲೋಹದ ತುಂಡಿಗಿಂತ ಮೊದಲು ಯೋಚಿಸಬೇಕಾದದ್ದು ಅದು, ಅದನ್ನು ಎಸೆಯಬಾರದು.

ಕಾಲು ಉದ್ದ ಮಾಡುವ ಆಸೆಯ ಬಗ್ಗೆ ಒಂದು ಮಾತು. ಮೇಲಕ್ಕೆ ಸರಿದ ಗುಂಡನ್ನು ಅದರ ನಿಜವಾದ ಜಾಗಕ್ಕೆ ಇಳಿಸಿದಾಗ ಕಾಲು ಉದ್ದವಾಗುತ್ತದೆ; ರೋಗಿಗೂ ಮನೆಯವರಿಗೂ ಅದೇ ಬೇಕಿರುತ್ತದೆ. ಸುಮಾರು 4 ಸೆಂ.ಮೀ. ದಾಟಿ ಎಳೆದರೆ ತೊಡೆಯ ಹಿಂದಿನ ದೊಡ್ಡ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು. ಅಂಥವರಲ್ಲಿ ತೊಡೆಮೂಳೆಯ ಒಂದು ತುಂಡನ್ನೇ ಕತ್ತರಿಸಿ ತೆಗೆದು ಗಿಡ್ಡ ಮಾಡಬೇಕಾಗುತ್ತದೆ. ಇದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ದಿನ ಅಲ್ಲ, ಮೊದಲ ಭೇಟಿಯಲ್ಲೇ ತಿಳಿಸಬೇಕು.

ಇಷ್ಟೆಲ್ಲ ಮುಂಚೆಯೇ ಗೊತ್ತಾಗಲು ಬೇಕಾದದ್ದು ಒಂದು ಸರಿಯಾದ ಎಕ್ಸ್‌ರೇ. ರೋಗಿಯನ್ನು ಅಂಗಾತ ಮಲಗಿಸಿ, ಎರಡೂ ಪಾದಗಳನ್ನು ಸಾಧ್ಯವಾದಷ್ಟು, ಸುಮಾರು 15 ಡಿಗ್ರಿ, ಒಳಕ್ಕೆ ತಿರುಗಿಸಿ, ಎರಡೂ ಸೊಂಟ ಮತ್ತು ತೊಡೆಮೂಳೆಯ ಮೇಲಿನ ಅರ್ಧ ಒಂದೇ ಫಿಲ್ಮಿನಲ್ಲಿ ಬರುವಂತೆ ತೆಗೆಯಬೇಕು. ತೊಡೆಯ ಪಕ್ಕದಲ್ಲಿ, ಕೀಲಿನ ಮಟ್ಟಕ್ಕೆ, 25 ಮಿ.ಮೀ. ಉಕ್ಕಿನ ಗುಂಡು ಇಡಬೇಕು. ಎಕ್ಸ್‌ರೇಯಲ್ಲಿ ಎಲ್ಲವೂ ಹಿಗ್ಗಿ ಕಾಣುವುದರಿಂದ, ಆ ಗುಂಡು ಎಷ್ಟು ದೊಡ್ಡದಾಗಿ ಕಂಡಿದೆ ಎಂದು ನೋಡಿ ನಿಜವಾದ ಅಳತೆ ತೆಗೆಯುತ್ತಾರೆ. ಗುಂಡು ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯವೂ ಆದೀತು, ಅದರ ವ್ಯಾಸ 27 ಮಿ.ಮೀ.; ಆದರೆ ಎಕ್ಸ್‌ರೇ ಕಿರಣಕ್ಕೆ ಅದು ಮುಖಾಮುಖಿಯಾಗಿರಬೇಕು, ಓರೆಯಾದರೆ ಅಳತೆ ಸುಳ್ಳು ಹೇಳುತ್ತದೆ. ಶಿಬಿರಗಳಲ್ಲಿ ಇದನ್ನು ಬಿಟ್ಟು ತೆಗೆದ ಫಿಲ್ಮುಗಳು “ಕೀಲು ಸವೆದಿದೆ” ಎಂಬುದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ. ಅದು ಅವರು ಕುಂಟುತ್ತ ಒಳಗೆ ಬಂದಾಗಲೇ ಗೊತ್ತಿದ್ದ ಸಂಗತಿ. ಬಟ್ಟಲಿನ ಗೋಡೆ ತೆಳ್ಳಗೆ ಕಂಡವರಿಗೆ ಮಾತ್ರ ಸಿ.ಟಿ. ಸ್ಕ್ಯಾನ್ ಸಾಕು.

ಅರಿವಳಿಕೆಯದು ಬೇರೆಯೇ ಅಧ್ಯಾಯ. ಬೆನ್ನುಮೂಳೆಯನ್ನೂ ಕೆಡಿಸುವ ಡಿಸ್‌ಪ್ಲೇಸಿಯಾಗಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರಬಹುದು. ಉಸಿರಾಟದ ಕೊಳವೆ ಹಾಕಲು ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಮಿದುಳುಬಳ್ಳಿಗೆ ಪೆಟ್ಟಾದರೆ, ಸೊಂಟ ಸರಿಮಾಡಲು ಬಂದವರು ಕೈಕಾಲು ಸ್ವಾಧೀನ ತಪ್ಪಿ ಹೋಗುತ್ತಾರೆ. ಆದ್ದರಿಂದ ಗಿಡ್ಡ ಮೈಯವರೆಲ್ಲರಿಗೂ ಕುತ್ತಿಗೆಯನ್ನು ಮುಂದಕ್ಕೆ, ಹಿಂದಕ್ಕೆ ಬಾಗಿಸಿ ತೆಗೆದ ಎರಡು ಎಕ್ಸ್‌ರೇ ಕಡ್ಡಾಯವಾಗಬೇಕು; ಬಾಗಿಸುವುದನ್ನು ರೋಗಿಯೇ ಮಾಡಬೇಕು, ಬೇರೆಯವರು ತಲೆ ಹಿಡಿದು ಒತ್ತಬಾರದು. ಬೆನ್ನಿಗೆ ಕೊಡುವ ಸೂಜಿಯಲ್ಲಿ ದೊಡ್ಡವರಿಗೆ ವಾಡಿಕೆಯಂತೆ ಕೊಡುವ 3 ಮಿ.ಲೀ. ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು 125 ಸೆಂ.ಮೀ. ಎತ್ತರದವರಲ್ಲಿ ಎದೆಮಟ್ಟ ದಾಟಿ ಏರಿ ರಕ್ತದೊತ್ತಡ ಕುಸಿಯಬಹುದು. ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಸ್ವಲ್ಪ ಸ್ವಲ್ಪವೇ ಕೊಡಬಹುದಾದ ಎಪಿಡ್ಯೂರಲ್ ಇಂಥವರಿಗೆ ಹೆಚ್ಚು ಸುರಕ್ಷಿತ. ಎಲ್ಲ ಔಷಧಿಯೂ ತೂಕದ ಮೇಲೆ. 35 ಕಿಲೋ ಮೈಗೆ 70 ಕಿಲೋ ಮೈಯ ಲೆಕ್ಕ ಹಿಡಿಯಬಾರದು. ರಕ್ತಸ್ರಾವಕ್ಕೂ ಇದೇ ಮಾತು: ಅರ್ಧ ಲೀಟರ್ ರಕ್ತ ಹೋದರೆ ದೊಡ್ಡ ಮೈಗೆ ತಡೆಯುತ್ತದೆ, ಚಿಕ್ಕ ಮೈಗೆ ಅದು ಒಟ್ಟು ರಕ್ತದ ಐದನೇ ಒಂದು ಭಾಗ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ನಾಲ್ಕರಿಂದ ಆರು ವಾರ ಮೊದಲೇ ಜಂತುಹುಳದ ಔಷಧಿ, ಕಬ್ಬಿಣದಂಶ ಶುರುಮಾಡಬೇಕು.

ಕೀಲು ಬದಲಾವಣೆಯಲ್ಲಿ ನಾವು ಅತಿ ಹೆಚ್ಚು ಹೆದರುವುದು ಸೋಂಕಿಗೆ, ಮಲೆನಾಡಿನಲ್ಲಿ ಅದರ ದಾರಿ ಬಹುಪಾಲು ಪಾದದಿಂದ. ನಾಟಿ ಸಮಯದಲ್ಲಿ ದಿನವಿಡೀ ಕೆಸರಲ್ಲಿ ನಿಂತು ಬೆರಳ ಸಂದು ಕೊಳೆತಿರುತ್ತದೆ, ಹಿಮ್ಮಡಿ ಒಡೆದಿರುತ್ತದೆ, ಉಂಬಳ ಕಚ್ಚಿದ ಜಾಗ ಕೆರೆದು ಕೆರೆದು ಹುಣ್ಣಾಗಿರುತ್ತದೆ. ಚರ್ಮದಲ್ಲಿ ಒಂದೇ ಒಂದು ಹಸಿ ಗಾಯವಿದ್ದರೂ ಶಸ್ತ್ರಚಿಕಿತ್ಸೆ ಮುಂದಕ್ಕೆ ಹಾಕಬೇಕು. ಆಸ್ಪತ್ರೆಗೆ ಸೇರಿಸಿಕೊಂಡ ಮೇಲೆ ಪಾದ ನೋಡುವುದಲ್ಲ. ಎರಡು ವಾರ ಮೊದಲು ಆಶಾ ಕಾರ್ಯಕರ್ತೆ ಮನೆಯಲ್ಲೇ ನೋಡಿ ವರದಿ ಮಾಡಬೇಕು. ಹುಳುಕು ಹಲ್ಲು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಕೂಡ ಅದೇ ಪಟ್ಟಿಯಲ್ಲಿರಲಿ. ಆಂಟಿಬಯೋಟಿಕ್‌ನ ಮೊದಲ ಡೋಸ್ ಚರ್ಮ ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಹೋಗಿರಬೇಕು. 24 ಗಂಟೆ ಕಳೆದ ಮೇಲೆ ಅದನ್ನು ವಾರಗಟ್ಟಲೆ ಮುಂದುವರಿಸಿದರೆ ಸೋಂಕು ಕಡಿಮೆಯಾಗುವುದಿಲ್ಲ, ಮದ್ದಿಗೆ ಬಗ್ಗದ ಕ್ರಿಮಿಗಳು ಬೆಳೆಯುತ್ತವೆ ಅಷ್ಟೆ.

ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಮ್ಮಿಂದ ಒಂದು ಸುತ್ತೋಲೆ ಬೇಕು. ಹೊಲಿಗೆ ಬಿಚ್ಚುವುದು 12ರಿಂದ 14ನೇ ದಿನ. ಅದನ್ನು ಊರ ಹತ್ತಿರ ಮಾಡಬಹುದು. ಆದರೆ ಗಾಯ ಒದ್ದೆಯಾದರೆ, ಕೆಂಪಾದರೆ, ನಿಂತಿದ್ದ ನೋವು ಮತ್ತೆ ಬಂದರೆ ಅಲ್ಲಿ ಯಾರೂ ಆಂಟಿಬಯೋಟಿಕ್ ಶುರುಮಾಡಕೂಡದು. ಅದು ಕ್ರಿಮಿಯನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಆಮೇಲೆ ಕೀಲಿನ ನೀರು ತೆಗೆದು ಕಲ್ಚರ್ ಮಾಡಿದರೆ ಏನೂ ಬೆಳೆಯುವುದಿಲ್ಲ, ಯಾವ ಮದ್ದು ಎಂದು ತಿಳಿಯದೆ ತಿಂಗಳುಗಳು ಹೋಗುತ್ತವೆ. ಮೊದಲ ಮೂರು ನಾಲ್ಕು ವಾರಗಳಲ್ಲೇ ಸಿಕ್ಕ ಸೋಂಕಾದರೆ ಕೀಲು ತೆರೆದು ತೊಳೆದು, ಗುಂಡು ಮತ್ತು ಲೈನರ್ ಮಾತ್ರ ಬದಲಿಸಿ ಉಳಿದದ್ದನ್ನು ಉಳಿಸಿಕೊಳ್ಳಬಹುದು. ತಡವಾದರೆ ಸಾಮಾನ್ಯವಾಗಿ ಇಡೀ ಕೀಲು ಕಿತ್ತು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ತಿಂಗಳುಗಳ ನಂತರ ಎರಡನೇ ಶಸ್ತ್ರಚಿಕಿತ್ಸೆ. ಶುಕ್ರವಾರ ಸಂಜೆ ಕೊಟ್ಟ ಒಂದು ಸ್ಟ್ರಿಪ್ ಮಾತ್ರೆಯಿಂದ ಇಷ್ಟು ದೂರ ಹೋಗುತ್ತದೆ.

ಮನೆಗೆ ಹೋದ ಮೇಲಿನ ಸಾಮಾನುಗಳೂ ಚಿಕಿತ್ಸೆಯ ಭಾಗವೇ. ಕೆಳಗೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ ಎಂದು ಹೇಳಿ ಕಳಿಸುತ್ತೇವೆ. ಮನೆಯಲ್ಲಿ ಇರುವುದು ನೆಲದ ಶೌಚದ ಗುಂಡಿ. ಕಮೋಡ್ ಕುರ್ಚಿ ಬೇಕು, ಮಂಚ ಬೇಕು. ಆದರೆ ಅಂಗಡಿಯ ಕುರ್ಚಿಯ ಎತ್ತರ 45 ಸೆಂ.ಮೀ. 130 ಸೆಂ.ಮೀ. ಎತ್ತರದವರು ಅದರ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ, ಇಳಿಯುವಾಗ ಜಾರುತ್ತಾರೆ, ಕೀಲು ತಪ್ಪುತ್ತದೆ. ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆದು, ಅದಕ್ಕೆ 5 ಸೆಂ.ಮೀ. ಸೇರಿಸಿದರೆ ಅವರಿಗೆ ಬೇಕಾದ ಎತ್ತರ. ವಾಕರ್ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ದೊಡ್ಡವರ ವಾಕರ್ ಅಷ್ಟು ತಗ್ಗುವುದಿಲ್ಲ, ಮಕ್ಕಳ ವಾಕರ್ ಕೊಡಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕುಬ್ಜತೆಯೂ ಇದೆ: ವಯಸ್ಕರ ಎತ್ತರ 4 ಅಡಿ 10 ಅಂಗುಲ ಅಥವಾ ಅದಕ್ಕಿಂತ ಕಡಿಮೆ. ಸಾಧನಗಳಿಗೆ ಈ ದಾರಿಯಲ್ಲೇ ಹಣ ಸಿಗುವಂತೆ ಮಾಡಬಹುದು. ಮೈ ಗಿಡ್ಡವಾಗದೆ ಸೊಂಟ ಮಾತ್ರ ಕೆಟ್ಟವರನ್ನು ಚಲನವೈಕಲ್ಯದಡಿ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಅಳತೆಪಟ್ಟಿ ಹಿಡಿದ ಗುಮಾಸ್ತರು ಅವರನ್ನು ಹೊರಗಿಡುತ್ತಾರೆ.

ಮಂಡಿಯೂ ಸೊಂಟವೂ ಎರಡೂ ಕೆಟ್ಟಿದ್ದರೆ ಸಾಮಾನ್ಯವಾಗಿ ಸೊಂಟ ಮೊದಲು. ಬಿಗಿದ ಸೊಂಟದ ಕೆಳಗೆ ಹೊಸ ಮಂಡಿಗೆ ವ್ಯಾಯಾಮ ಮಾಡಿಸಲಾಗುವುದಿಲ್ಲ, ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಎರಡೂ ಸೊಂಟಗಳಿಗೆ ಆರರಿಂದ ಹನ್ನೆರಡು ವಾರಗಳ ಅಂತರ ಇದ್ದರೆ ಒಳ್ಳೆಯದು.

ಮಕ್ಕಳ ವಿಷಯಕ್ಕೆ ಬಂದರೆ ಕೀಲು ಬದಲಾವಣೆಯ ಮಾತೇ ಬೇಡ, ಆದರೆ ಅವರನ್ನು ನೋಡದೆ ಬಿಟ್ಟರೆ ಮುಂದೆ ಅವರೂ ಅಲ್ಲಿಗೇ ಬರುತ್ತಾರೆ. ಮೊಣಕಾಲು ಸೊಟ್ಟಗಾಗುತ್ತಿರುವ ಮಗುವಿಗೆ ಬೆಳವಣಿಗೆಯ ಪದರ ಇನ್ನೂ ತೆರೆದಿರುವಾಗ, ಅದರ ಒಂದು ಬದಿಗೆ ಎರಡು ಸ್ಕ್ರೂಗಳ ಒಂದು ಸಣ್ಣ ಪ್ಲೇಟ್ ಹಾಕಿದರೆ ಕಾಲು ಬೆಳೆಯುತ್ತಲೇ ನೇರವಾಗುತ್ತದೆ. ಡಿಸ್‌ಪ್ಲೇಸಿಯಾದಲ್ಲಿ ಇದು ನಿಧಾನ, ಮತ್ತೆ ಸೊಟ್ಟಗಾಗುವುದೂ ಇದೆ, ಹಾಗಾಗಿ ಬೇಗ ಶುರುಮಾಡಬೇಕು. ಬೆಳವಣಿಗೆ ನಿಂತ ಮೇಲೆ ಅದೇ ಕೆಲಸಕ್ಕೆ ಮೂಳೆಯನ್ನೇ ಕತ್ತರಿಸಬೇಕು. ಸೊಂಟದಲ್ಲೂ ಮೃದ್ವಸ್ಥಿ ಉಳಿದಿರುವಾಗ ಬಟ್ಟಲನ್ನೋ ತೊಡೆಮೂಳೆಯನ್ನೋ ಕತ್ತರಿಸಿ ತಿರುಗಿಸುವ ಆಸ್ಟಿಯಾಟಮಿಗೆ ಕೆಲವರು ಅರ್ಹರಾಗಿರುತ್ತಾರೆ. ಕಾಯಿಲೆ ಇರುವ ಮನೆಗಳ ಮಕ್ಕಳಿಗೆ ಶಾಲೆ ಸೇರುವ ವಯಸ್ಸಿನಿಂದ ವರ್ಷಕ್ಕೊಮ್ಮೆ ಎತ್ತರ, ನಡಿಗೆ ನೋಡಿ, ಅನುಮಾನ ಬಂದರೆ ಎಕ್ಸ್‌ರೇ ತೆಗೆದರೆ ಸಾಕು.

ಇನ್ನು ದಾಖಲೆ. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಲೋಹದ ಮೇಲೆ ಲೋಹ ಉಜ್ಜುವ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಲಾಯಿತು. ಕೋಬಾಲ್ಟ್, ಕ್ರೋಮಿಯಂ ಕಣಗಳು ಸುತ್ತಲಿನ ಸ್ನಾಯುವನ್ನು ಕೊಲ್ಲುತ್ತಿದ್ದವು. ಚಿಕ್ಕ ಅಳತೆಯ ಗುಂಡುಗಳಲ್ಲಿ ವೈಫಲ್ಯ ಇನ್ನೂ ಹೆಚ್ಚಿತ್ತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಹಾಕಲಾಗಿತ್ತು. ಕೇಂದ್ರ ಸರ್ಕಾರ 2017ರಲ್ಲಿ ಸಮಿತಿ ನೇಮಿಸಿ ಹುಡುಕಿಸಿದರೂ ಸಾವಿರಾರು ಮಂದಿ ಪತ್ತೆಯಾಗಲಿಲ್ಲ, ಯಾರ ಮೈಯಲ್ಲಿ ಏನಿದೆ ಎಂಬ ಪಟ್ಟಿಯೇ ಇರಲಿಲ್ಲ. ಸ್ವೀಡನ್ 1979ರಿಂದಲೇ ಸೊಂಟದ ಕೀಲುಗಳ ರಾಷ್ಟ್ರೀಯ ನೋಂದಣಿ ಇಟ್ಟಿದೆ. ನಾವು ರಾಜ್ಯಕ್ಕೆಲ್ಲ ಒಂದನ್ನು ಈಗಲೇ ಕೇಳುತ್ತಿಲ್ಲ, ಈ ಒಂದು ಕಾಯಿಲೆಯವರಿಗೆ ಶುರುಮಾಡಿ. ಪ್ರತಿ ಇಂಪ್ಲಾಂಟ್ ಪೆಟ್ಟಿಗೆಯಲ್ಲೂ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಅಂಟುಚೀಟಿಗಳು ಬರುತ್ತವೆ. ಒಂದನ್ನು ಕೇಸ್ ಶೀಟಿಗೆ, ಒಂದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಬಿಲ್ಲಿಗೆ, ಒಂದನ್ನು ರೋಗಿಯ ಕೈಗೆ ಕೊಡುವ ಗಟ್ಟಿ ಕಾರ್ಡಿಗೆ ಅಂಟಿಸದೆ ಹಣ ಬಿಡುಗಡೆಯಾಗಬಾರದು.

ಯಾಕೆ ಇಷ್ಟು ಒತ್ತಿ ಹೇಳುತ್ತೇವೆಂದರೆ ಇವರು ಚಿಕ್ಕ ವಯಸ್ಸಿನವರು. ಹೊರದೇಶಗಳ ನೋಂದಣಿಗಳ ಪ್ರಕಾರ, ಹೆಚ್ಚಾಗಿ ವಯಸ್ಸಾದವರೇ ಇರುವ ಗುಂಪಿನಲ್ಲಿ, 25 ವರ್ಷ ಬಾಳುವ ಸೊಂಟದ ಕೀಲುಗಳು ಸುಮಾರು ನೂರಕ್ಕೆ 58. ಮೂವತ್ತೈದಕ್ಕೆ ಹಾಕಿಸಿಕೊಂಡವರಿಗೆ ಎರಡನೆಯದು ಬೇಕಾಗುವುದನ್ನು ಅಪವಾದ ಎಂದು ಬಗೆಯಬಾರದು, ಅದು ಯೋಜನೆಯ ಭಾಗ. ಕೀಲು ಸಡಿಲವಾಗುವಾಗ ಮೊದಮೊದಲು ನೋವೇ ಇರುವುದಿಲ್ಲ, ಲೈನರ್‌ನಿಂದ ಉದುರಿದ ಸೂಕ್ಷ್ಮ ಪುಡಿಯಿಂದಾಗಿ ಮೂಳೆ ಒಳಗೊಳಗೇ ಕರಗುತ್ತಿರುತ್ತದೆ. ನೋವು ಬಂದು ಬರುವ ಹೊತ್ತಿಗೆ ಹೊಸ ಕಪ್ ಹಿಡಿಸಲು ಮೂಳೆ ಇರುವುದಿಲ್ಲ. ಆರನೇ ವಾರ, ಒಂದು ವರ್ಷ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಎಕ್ಸ್‌ರೇ ಆಗಲೇಬೇಕು, ನೋವಿರಲಿ ಬಿಡಲಿ. ರಿವಿಷನ್‌ಗೆ (ಹಾಕಿದ ಕೀಲನ್ನು ಮತ್ತೆ ಬದಲಿಸುವುದಕ್ಕೆ) ಬೇಕಾದ ಉದ್ದ ಸ್ಟೆಮ್, ಕಸಿಮೂಳೆ, ಎರಡು ಹಂತದ ಶಸ್ತ್ರಚಿಕಿತ್ಸೆ ಇವುಗಳ ದರವನ್ನು ಈ ಕಾಯಿಲೆಯವರಿಗೆ ಈಗಲೇ ಪ್ರತ್ಯೇಕವಾಗಿ ನಿಗದಿ ಮಾಡಿ.

ಇದನ್ನೆಲ್ಲ ಹತ್ತಾರು ಆಸ್ಪತ್ರೆಗಳಿಗೆ ಹಂಚಿದರೆ ಯಾರಿಗೂ ಕೈ ಪಳಗುವುದಿಲ್ಲ. ತಪಾಸಣೆ, ಅಳತೆ, ಫಿಸಿಯೋಥೆರಪಿ, ಮುಂದಿನ ಭೇಟಿಗಳು ಸಾಗರದ ಉಪವಿಭಾಗೀಯ ಆಸ್ಪತ್ರೆ ಮತ್ತು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇರಲಿ. ಸರಳವಾದ ಸೊಂಟಗಳು ಮೆಗ್ಗಾನ್‌ನಲ್ಲೇ ಆಗಲಿ. ಮೂಳೆ ಕತ್ತರಿಸಿ ಗಿಡ್ಡ ಮಾಡಬೇಕಾದವು, ಕುತ್ತಿಗೆ ಸಡಿಲ ಇರುವವರು, ರಿವಿಷನ್‌ಗಳು ಬೆಂಗಳೂರಿನ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆಯಂಥ ಒಂದೇ ಕೇಂದ್ರಕ್ಕೆ ಹೋಗಲಿ.

ವೇಳಾಪಟ್ಟಿಯ ಬಗ್ಗೆಯೂ ಊರಿನ ಕಡೆಯಿಂದ ಯೋಚಿಸಬೇಕು. ಮೇ ಒಳಗೆ ಎಲ್ಲರ ಎಕ್ಸ್‌ರೇ ಮುಗಿದರೆ, ಮಳೆಗಾಲದ ನಾಲ್ಕು ತಿಂಗಳಲ್ಲಿ ಅಳತೆಪಟ್ಟಿ ಮಾಡಿ ಚಿಕ್ಕ ಕಪ್, ಸ್ಟೆಮ್ ತರಿಸಬಹುದು; ಅವು ಬರಲು ವಾರಗಳೇ ಹಿಡಿಯುತ್ತವೆ. ಅಕ್ಟೋಬರ್‌ನಿಂದ ಅಡಿಕೆ ಕೊಯ್ಲು, ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಜೊತೆಗೆ ಬರುವವರೂ ಸಿಗುವುದಿಲ್ಲ. ಜನವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಶಸ್ತ್ರಚಿಕಿತ್ಸೆ ಇಡಿ. ಅದು ಮಂಗನ ಕಾಯಿಲೆಯ ಕಾಲವೂ ಹೌದು, ಆದ್ದರಿಂದ ಜ್ವರ ಕಂಡವರನ್ನು ಪರೀಕ್ಷೆ ಮಾಡಿಸದೆ ಥಿಯೇಟರಿಗೆ ಒಯ್ಯಬಾರದು. ಏಪ್ರಿಲ್ ಮಧ್ಯದ ನಂತರ ಹೊಸಬರನ್ನು ತೆಗೆದುಕೊಳ್ಳಬೇಡಿ. ವಾಕರ್ ಹಿಡಿದು ಆರು ವಾರ ನಡೆದು ಮುಗಿಸಿರಬೇಕು, ಜೂನ್‌ನಲ್ಲಿ ಅಂಗಳ ಪಾಚಿಕಟ್ಟುವ ಮೊದಲು.

ಎಕ್ಸ್‌ರೇ ತಂತ್ರಜ್ಞರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ಟೆಂಡರ್ ವಿಭಾಗಕ್ಕೆ ಕೊಡಬೇಕಾದ ತಲಾ ಒಂದು ಪುಟದ ಸೂಚನೆಯನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಮತ್ತು ಫಿಸಿಯೋಥೆರಪಿಸ್ಟ್‌ಗಳ ಒಂದು ಗುಂಪು